ಹಳೇ ಟ್ರೇ, ಊರಿನ ಬೀಜ

ಅಮ್ಮ ಉಡುಪಿಯಿಂದ ಪುಣೆಗೆ ಕಳಿಸಿರೋ ಮಟ್ಟುಗುಳ್ಳದ ಬೀಜ ನನ್ನ ಹತ್ರ ಇರೋದು ಇಪ್ಪತ್ತೇ ಇಪ್ಪತ್ತು. ಮತ್ತೆ ಬೇಕಂದ್ರೆ ಊರಿಗೆ ಹೋದಾಗಲೇ. ಅದಕ್ಕೇ ಬೀಜ ಹಾಕೋ ಮುಂಚೆ ಹಳೇ ಟ್ರೇ, ಕುಂಡ ತೊಳೀತೀನಿ.

ಬದನೆ, ಟೊಮೇಟೊ, ಮೆಣಸಿನ ಸಸಿಗಳು ಚೆನ್ನಾಗಿ ಮೊಳೆತು, ಒಂದು ಬೆಳಗ್ಗೆ ಬುಡದಲ್ಲಿ ಸಣ್ಣಗಾಗಿ ಮಲಗಿಬಿಡೋದನ್ನ ನೀವೂ ನೋಡಿರ್ತೀರಿ. ಅದು ಸಸಿ ಸಾಯುವ ರೋಗ. ಪಿಥಿಯಂ, ರೈಜೊಕ್ಟೋನಿಯಾದಂಥ ರೋಗಾಣುಗಳು ಟ್ರೇಗೆ ಅಂಟಿದ ಹಳೇ ಮಣ್ಣು, ಬೇರಿನ ಚೂರುಗಳಲ್ಲಿ ಉಳಿದಿರುತ್ತವೆ. ಕೋಕೋಪೀಟ್ ಹೊಸದಾದ್ರೂ ಅಪಾಯ ತಪ್ಪಲ್ಲ.

ಮೊದಲು ಒಣಮಣ್ಣು ಉದುರಿಸಿ, ಬ್ರಷ್ ಹಿಡಿದು ಸೋಪಿನ ನೀರಲ್ಲಿ ಉಜ್ಜಿ. ಇದನ್ನ ಬಿಟ್ಟು ನೇರ ಬ್ಲೀಚಿಗೆ ಹಾಕಿದ್ರೆ ದಂಡ, ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತೆ. ಆಮೇಲೆ 9 ಪಾಲು ನೀರಿಗೆ 1 ಪಾಲು ಲಿಕ್ವಿಡ್ ಬ್ಲೀಚ್, ಕನಿಷ್ಠ 10 ನಿಮಿಷ ಮುಳುಗಿರಲಿ. ಮಣ್ಣಿನ ಕುಂಡ ಆದ್ರೆ ಅರ್ಧ ಗಂಟೆ. ಗ್ಲೌಸ್ ಹಾಕಿ, ಬಾಲ್ಕನಿಯಲ್ಲೇ ಮಾಡಿ. ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಬೇಡ.

ಕುಂಡದ ಮೇಲಿನ ಬಿಳಿ ಪದರ ಹೆಚ್ಚಾಗಿ ಟ್ಯಾಂಕರ್, ಬೋರ್‌ವೆಲ್ ನೀರಿನ ಉಪ್ಪು, ಅಷ್ಟೇ. ವಿನೆಗರ್ ಹಚ್ಚಿ ಉಜ್ಜಿದ್ರೆ ಹೋಗುತ್ತೆ. ಆದರೆ ದಯವಿಟ್ಟು ಕೇಳಿ, ವಿನೆಗರ್ ಆಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಬ್ಲೀಚ್ ಜೊತೆ ಸೇರಬಾರದು. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತೆ. ವಿನೆಗರ್ ಪೂರ್ತಿ ತೊಳೆದ ಮೇಲೇ ಬ್ಲೀಚ್.

ಕೊನೆಗೆ ಒಳ್ಳೇ ನೀರಲ್ಲಿ ಜಾಲಿಸಿ ಬಿಸಿಲಲ್ಲಿ ಒಣಗಿಸಿ. ಬಿರುಕು ಬಿಟ್ಟ ತೆಳು ಟ್ರೇ ಮಾತ್ರ ಬಿಸಾಕಿ, ಆ ಸಂದಿಗೆ ಬ್ರಷ್ ಹೋಗಲ್ಲ. ಇನ್ನು ಬೀಜ ಹಾಕಿದ ಮೇಲೆ ನೀರು ಹದವಾಗಿರಲಿ. ತೊಳೆದ ಟ್ರೇಯಲ್ಲೂ ನೀರು ನಿಂತರೆ ಸಸಿ ಕೊಳೆಯುತ್ತೆ.