ಇ-ರೀಡರ್: ಬಳಕೆ ಮತ್ತು ಜೋಪಾನ

(ಸುವರ್ಣ ಮಹೋತ್ಸವದ ಸಂದರ್ಭ ಹಳೆ ವಿದ್ಯಾರ್ಥಿಗಳು ಶಾಲಾ ವಾಚನಾಲಯಕ್ಕೆ ನಾಲ್ಕು ಇ-ರೀಡರ್‌ಗಳನ್ನು ಒಪ್ಪಿಸಿದ ದಿನ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಶಾಲೆಯ ಮೈಕಿನ ಎದುರು ನಾನು ಹಿಂದೆ ನಿಂತದ್ದು ಒಂಬತ್ತನೇ ತರಗತಿಯ ಭಾಷಣ ಸ್ಪರ್ಧೆಯಲ್ಲಿ. ಅರ್ಧದಲ್ಲಿ ಮರೆತುಹೋಗಿ ಹಾಗೆಯೇ ಇಳಿದುಬಂದಿದ್ದೆ. ಇವತ್ತು ಮರೆಯದ ಹಾಗೆ ಚೀಟಿ ತಂದಿದ್ದೇನೆ.

ನಾನು ಪಂಡಿತನಲ್ಲ. ಇಲ್ಲೇ ಮಣಿಪಾಲದ ಕಡೆ ಅಚ್ಚಿನ ಮನೆಗಳಲ್ಲಿ ಅಕ್ಷರ ಜೋಡಿಸಿ ಹೊಟ್ಟೆ ಹೊರೆದವನು. ಮೊದಲು ಸೀಸದ ಮೊಳೆ, ಆಮೇಲೆ ಕಂಪ್ಯೂಟರ್. ಆದ್ದರಿಂದ ಇ-ರೀಡರ್ ಬಗ್ಗೆ ಹೇಳು ಎಂದು ಗೆಳೆಯರು ಒತ್ತಾಯಿಸಿದಾಗ ಒಪ್ಪಿದೆ. ಅಕ್ಷರದ ಕಡೆಯಿಂದ ನನಗೆ ಈ ಯಂತ್ರದ ಪರಿಚಯ ಇದೆ.

ಮೊದಲು, ಇದು ಮೊಬೈಲ್ ಅಲ್ಲ, ಟ್ಯಾಬ್ ಕೂಡ ಅಲ್ಲ. ಮೊಬೈಲಿನ ಪರದೆ ಬೆಳಕನ್ನು ನಮ್ಮ ಕಣ್ಣಿಗೆ ಎಸೆಯುತ್ತದೆ. ಇದರ ಪರದೆ ಕಾಗದದ ಹಾಗೆ, ಹೊರಗಿನ ಬೆಳಕು ಅದರ ಮೇಲೆ ಬಿದ್ದು ನಮಗೆ ಅಕ್ಷರ ಕಾಣುತ್ತದೆ. ಒಳಗೆ ಕೂದಲೆಳೆಯಷ್ಟು ಸಣ್ಣ ಲಕ್ಷಾಂತರ ಗುಳಿಗೆಗಳಿವೆ. ಒಂದೊಂದರಲ್ಲೂ ಕಪ್ಪು ಕಣ, ಬಿಳಿ ಕಣ ತೇಲುತ್ತಿರುತ್ತವೆ. ಒಂದಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ವಿದ್ಯುತ್ ಕೊಟ್ಟಾಗ ಕಪ್ಪು ಮೇಲೆ ಬಂದರೆ ಅಲ್ಲಿ ಮಸಿ, ಬಿಳಿ ಮೇಲೆ ಬಂದರೆ ಅಲ್ಲಿ ಕಾಗದ. ಹತ್ತನೇ ತರಗತಿಯವರಿಗೆ ಇದು ಅರ್ಥವಾಗಬೇಕು. ಒಮ್ಮೆ ಮೇಲೆ ಬಂದ ಕಣ ವಿದ್ಯುತ್ ತೆಗೆದರೂ ಅಲ್ಲೇ ನಿಲ್ಲುತ್ತದೆ. ಪುಟ ತಿರುಗಿಸುವಾಗ ಮಾತ್ರ ಬ್ಯಾಟರಿ ಖರ್ಚು. ವೈಫೈ ಆರಿಸಿಟ್ಟು, ಒಳಗಿನ ದೀಪವನ್ನು ಕಡಿಮೆ ಮಾಡಿ ಓದಿದರೆ ಒಂದು ಚಾರ್ಜ್ ವಾರಗಟ್ಟಲೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವ ಲೆಕ್ಕ ನಿಮಗೇ ಗೊತ್ತು.

ನಾನು ಇದನ್ನು ಕೊಂಡದ್ದು ನನಗಾಗಿ ಅಲ್ಲ, ಅಮ್ಮನಿಗಾಗಿ. ಅಮ್ಮ ಬೀಡಿ ಕಟ್ಟುತ್ತಿದ್ದರು. ಕೈ ಎಲೆಯ ಮೇಲೆ, ಕಣ್ಣು ಪಕ್ಕದಲ್ಲಿ ಬಿಡಿಸಿಟ್ಟ ವಾರಪತ್ರಿಕೆಯ ಧಾರಾವಾಹಿಯ ಮೇಲೆ. ಹೀಗೆ ಓದಿದ ಹೆಂಗಸರು ಪರ್ಕಳದಲ್ಲಿ ಮನೆಮನೆಯಲ್ಲೂ ಇದ್ದರು. ವಯಸ್ಸಾದ ಮೇಲೆ ಕಣ್ಣು ಮಂಜಾಯಿತು, ಆಪರೇಷನ್ ಆದರೂ ಸಣ್ಣ ಅಕ್ಷರ ಹಿಡಿಯಲಿಲ್ಲ. ಪುಸ್ತಕ ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ, "ತೋಜುಜಿ ಮಗಾ" ಎಂದು ಮಡಚಿಡುತ್ತಿದ್ದರು. ಈ ಯಂತ್ರದಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು ಎಂದು ಕೇಳಿ ಒಂದನ್ನು ತರಿಸಿದೆ.

ತಂದ ದಿನ ಸಂಭ್ರಮ. ನಾನೇ ಹಿಂದೆ ಜೋಡಿಸಿದ್ದ ಒಂದು ಕಥಾಸಂಕಲನದ ಕಡತವನ್ನು ಅದಕ್ಕೆ ಹಾಕಿದೆ. ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಮೇಲೊಂದು ಕೆಳಗೊಂದು ಗೆರೆ. ಅಮ್ಮ ನೋಡಿ ಏನೂ ಹೇಳಲಿಲ್ಲ. ನನಗೇ ಅವಮಾನವಾಯಿತು.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಾಳೆ ನಿಮಗೂ ಹೀಗೆಯೇ ಆಗುತ್ತದೆ. ಸೀಸದ ಕಾಲದಲ್ಲಿ 'ಕ' ಒಂದು ಮೊಳೆ, ಅದರ ಅಡಿಗೆ ಕೂರುವ ಒತ್ತು ಇನ್ನೊಂದು ಮೊಳೆ. ಕಂಪ್ಯೂಟರ್ ಬಂದಾಗ ಆ ತುಂಡುಗಳನ್ನೇ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿ ಫಾಂಟ್ ಮಾಡಿದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ನನ್ನ ಕೈಯಲ್ಲೇ ಹಾಗೆ ನೂರಾರು ಪುಸ್ತಕ ಹೋಗಿವೆ. ಕಾಗದದ ಮೇಲೆ ಅವು ಚೆನ್ನಾಗಿಯೇ ಇವೆ, ಕಡತವಾಗಿ ಮಾತ್ರ ನಿರುಪಯೋಗಿ. ಯುನಿಕೋಡ್‌ನಲ್ಲಿ ಹಾಗಲ್ಲ. ಪ್ರಪಂಚದ ಹೆಚ್ಚಿನ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆ, ಕನ್ನಡಕ್ಕೂ ತನ್ನದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ಅದರಲ್ಲಿ 'ಕ್ಷ' ಎಂಬುದು 'ಕ', ವಿರಾಮ ಚಿಹ್ನೆ, 'ಷ' ಎಂದು ಮೂರಾಗಿ ಉಳಿದಿರುತ್ತದೆ. ಓದುವ ಯಂತ್ರ ಅದನ್ನು ಕೂಡಿಸಿ ತೋರಿಸಬೇಕು. ಹಾಗೆ ಕೂಡಿಸಲು ಬಾರದ ಯಂತ್ರದಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಆದ್ದರಿಂದ ಇ-ರೀಡರ್ ಕೊಳ್ಳುವವರು ಅಂಗಡಿಯಲ್ಲಿ 'ಸ್ವಾತಂತ್ರ್ಯ', 'ರಾಷ್ಟ್ರ', 'ಕೈ', 'ಅರ್ಥ' ಈ ನಾಲ್ಕು ಪದ ಇರುವ ಕಡತವನ್ನು ತೆರೆಸಿ ನೋಡಿ. ನಾವೂ ಈ ನಾಲ್ಕನ್ನು ಕೊಳ್ಳುವ ಮೊದಲು ಹಾಗೆಯೇ ನೋಡಿದೆವು.

ಕನ್ನಡ ಅಕ್ಷರ ಕಂಪ್ಯೂಟರಿಗೆ ಬಂದ ಕಥೆಯಲ್ಲಿ ನಮ್ಮ ಜಿಲ್ಲೆಗಳ ಪಾಲು ದೊಡ್ಡದು. ಇಂದು ಸರಕಾರ ಒಪ್ಪಿರುವ ಕನ್ನಡ ಕೀಲಿಮಣೆಗೆ ಆಧಾರವಾದ ವಿನ್ಯಾಸ ಕೆ. ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. ನೀವು ಕಂಪ್ಯೂಟರ್ ಕೋಣೆಯಲ್ಲಿ 'ಕೆ' ಒತ್ತಿದರೆ 'ಕ' ಬರುತ್ತದಲ್ಲ, ಆ ಸುಲಭದ ಹಿಂದೆ ಇವರಿದ್ದಾರೆ.

ಇಷ್ಟಿದ್ದೂ ಇ-ರೀಡರ್ ಲೋಕದಲ್ಲಿ ಕನ್ನಡ ಹಿಂದೆ ಬಿತ್ತು. ಅಮೆಜಾನ್ ಕಿಂಡಲ್ ಅಮೆರಿಕದಲ್ಲಿ ಬಂದದ್ದು 2007ರಲ್ಲಿ. 2016ರ ಡಿಸೆಂಬರಿನಲ್ಲಿ ಅವರು ಭಾರತೀಯ ಭಾಷೆಗಳ ಇ-ಪುಸ್ತಕ ತೆರೆದಾಗ ಪಟ್ಟಿಯಲ್ಲಿದ್ದದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ನಮ್ಮವರು ಕೇಳಿದರು, ಬರೆದರು, ಸಿಟ್ಟಾದರು. ಸಿಟ್ಟಾದವರಲ್ಲಿ ಕೆಲವರು ಕೆಲಸಕ್ಕೂ ಇಳಿದರು. ಮೈಲ್ಯಾಂಗ್, ಋತುಮಾನದಂಥ ಕನ್ನಡದ ಆ್ಯಪ್‌ಗಳು ಬಂದವು. ಅವುಗಳಲ್ಲಿ ಹಣ ಕೊಟ್ಟು ಹೊಸ ಕನ್ನಡ ಪುಸ್ತಕ ಓದಬಹುದು. ಆದರೆ ಅವು ಮೊಬೈಲಿಗಾಗಿ ಮಾಡಿದವು, ನಮ್ಮ ಈ ಯಂತ್ರಗಳಲ್ಲಿ ನಡೆಯುವುದಿಲ್ಲ.

ಹಾಗಾದರೆ ಇದರೊಳಗೆ ಕನ್ನಡ ಎಲ್ಲಿಂದ ಬರಬೇಕು? ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಕೃತಿಗಳಿವೆ. ಅಲ್ಲಿಂದ ಇಪಬ್ ಎಂಬ ರೂಪದಲ್ಲಿ ಇಳಿಸಿಕೊಳ್ಳಬಹುದು. ಇ-ರೀಡರಿಗೆ ಹೇಳಿಸಿದ ರೂಪ ಅದು, ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿ ಮರುಹೊಂದಿಕೊಳ್ಳುತ್ತವೆ. ಆರ್ಕೈವ್ ತಾಣದಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ರಾಶಿ ಇವೆ, ಸ್ವಯಂಸೇವಕರ ಪುಣ್ಯ. ಆದರೆ ಅವು ಪುಟದ ಚಿತ್ರಗಳು. ಆರು ಇಂಚಿನ ಪರದೆಯಲ್ಲಿ ಅವುಗಳನ್ನು ಓದುವುದು ಕೀಲಿಕಿಂಡಿಯಿಂದ ಆಟ ನೋಡಿದ ಹಾಗೆ: ವೇಷದ ಕಿರೀಟ ಕಂಡರೆ ಕಾಲು ಕಾಣದು. ಆಟದ ಮಾತು ಬಂದಾಗ ಇನ್ನೊಂದು ಹೇಳಬೇಕು. ಯಕ್ಷವಾಹಿನಿಯವರು ಪ್ರಸಂಗಗಳನ್ನು ಸಂಗ್ರಹಿಸಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಶಾಲೆಯ ಯಕ್ಷಗಾನ ತಂಡದ ಮಕ್ಕಳು ನೋಡಿ.

ಎಲ್ಲ ಪುಸ್ತಕವನ್ನೂ ನಕಲು ಮಾಡಿ ತುಂಬಬಹುದೇ? ಆಗದು. ನಮ್ಮ ದೇಶದಲ್ಲಿ ಲೇಖಕರು ತೀರಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ, ಆದ್ದರಿಂದ ಅವರ ಪುಸ್ತಕಗಳಿಗೆ 2057ರ ಕೊನೆಯ ತನಕ ಹಕ್ಕು ಇದೆ. ಅವನ್ನು ಕೊಂಡೇ ಓದಬೇಕು. ಪಂಜೆ ಮಂಗೇಶರಾಯರು 1937ರಲ್ಲಿ ತೀರಿದರು, ಅವರ ಕಥೆಗಳಿಗೆ ಅಡ್ಡಿಯಿಲ್ಲ. 1963ರಲ್ಲಿ ತೀರಿದ ಗೋವಿಂದ ಪೈಗಳ ಬರಹ 2024ರ ಜನವರಿಯಿಂದ ಎಲ್ಲರದಾಯಿತು. ಇನ್ನು ಮುದ್ದಣ. ಕಾರ್ಕಳದ ಹತ್ತಿರದ ನಂದಳಿಕೆಯವನು, ಶಾಲೆಯಲ್ಲಿ ಡ್ರಿಲ್ ಮಾಸ್ತರ, ತನ್ನ ಹೆಸರು ಮುಚ್ಚಿಟ್ಟು ಕಾವ್ಯವನ್ನು ಮೈಸೂರಿಗೆ ಕಳುಹಿಸಿದವನು. 1901ರಲ್ಲಿ, ಇನ್ನೂ ಮೂವತ್ತರ ಆಚೀಚೆ ಇದ್ದಾಗಲೇ ಹೋದ. ಅವನ 'ಶ್ರೀರಾಮಾಶ್ವಮೇಧ'ವನ್ನು ನೀವು ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಕನ್ನಡ ಟೀಚರ್ ಹತ್ತಿರ ತಿದ್ದಿಸಿ, ಈ ಯಂತ್ರಕ್ಕೆ ಹಾಕಿಕೊಂಡರೆ ಕೇಳುವವರಿಲ್ಲ. ದಿನಕ್ಕೆ ಅರ್ಧ ಪುಟ ಸಾಕು. ನಾನು ವಾರಕ್ಕೊಂದು ಶನಿವಾರ ಬಂದು ಕರಡು ತಿದ್ದುತ್ತೇನೆ. ಇದನ್ನು ವೇದಿಕೆಯ ಮಾತು ಎಂದು ತಿಳಿಯಬೇಡಿ, ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟಿದ್ದೇನೆ.

ಅಮ್ಮನಿಗಾಗಿ ನಾನು ಮಾಡಿದ್ದೂ ಅದನ್ನೇ. ಪಂಜೆಯವರ ಕಥೆಗಳಿಂದ ಶುರು ಮಾಡಿ ರಾತ್ರಿ ಊಟವಾದ ಮೇಲೆ ಒಂದೊಂದು ಗಂಟೆ ಟೈಪ್ ಮಾಡಿದೆ. ಮೊದಲ ಕಥೆ ಹಾಕಿ, ಅಕ್ಷರ ದೊಡ್ಡದು ಮಾಡಿ, ಒಂದು ಪುಟಕ್ಕೆ ಏಳೆಂಟು ಸಾಲು ಬರುವಂತೆ ಇಟ್ಟು ಕೈಗೆ ಕೊಟ್ಟೆ. ಅಮ್ಮ ಚಾವಡಿಯಲ್ಲಿ ಕೂತು ಬೆರಳು ಇಟ್ಟು ಓದಿದರು. ಪುಟ ತಿರುಗಿಸಲು ನಾಲಗೆಗೆ ಬೆರಳು ತಾಗಿಸಿ ಪರದೆಗೆ ಒರಸಿದರು. ನಾನು ತಡೆಯಲಿಲ್ಲ. ಮಕ್ಕಳು ಮಾತ್ರ ಹಾಗೆ ಮಾಡಬಾರದು!

ಈಗ ಜೋಪಾನದ ಮಾತು. ಅತಿ ಮುಖ್ಯವಾದದ್ದು ಪರದೆ. ಮೇಲೆ ಪ್ಲಾಸ್ಟಿಕ್ಕಿನ ಹಾಗೆ ಕಂಡರೂ ಹೆಚ್ಚಿನವುಗಳ ಒಳಗೆ ತೆಳು ಗಾಜಿನ ಹಲಗೆ ಇರುತ್ತದೆ. ಬಿದ್ದು ಒಡೆಯುವುದಕ್ಕಿಂತ ಒತ್ತಿ ಒಡೆಯುವುದೇ ಹೆಚ್ಚು. ನನ್ನ ಮೊದಲನೆಯದು ಹಾಗೆಯೇ ಹೋಯಿತು. ಚೀಲದಲ್ಲಿ ಬುತ್ತಿ ಪಾತ್ರೆಯ ಪಕ್ಕ ಇಟ್ಟಿದ್ದೆ, ಹಿರಿಯಡಕದ ಬಸ್ಸಿನಲ್ಲಿ ಜನ ಒತ್ತಿದರು, ಮನೆಗೆ ಬಂದು ತೆರೆದರೆ ಅರ್ಧ ಪುಟ ಅಕ್ಷರ, ಅರ್ಧ ಪುಟ ಬರೇ ಗೆರೆ. ಮೇಲೆ ಒಂದು ಬಿರುಕೂ ಕಾಣುತ್ತಿರಲಿಲ್ಲ. ಪರದೆ ಬದಲಿಸುವ ಖರ್ಚು ಹೊಸದರ ಬೆಲೆಯ ಹತ್ತಿರಕ್ಕೇ ಬಂತು. ಹಾಗಾಗಿ ರಟ್ಟಿನಂಥ ಗಟ್ಟಿ ಹೊದಿಕೆ ಇಲ್ಲದೆ ಇದನ್ನು ಚೀಲಕ್ಕೆ ಹಾಕಬೇಡಿ. ಎರಡು ದೊಡ್ಡ ಪುಸ್ತಕಗಳ ನಡುವೆ ಇಟ್ಟರೆ ಇನ್ನೂ ಒಳ್ಳೆಯದು. ಬೆಂಚಿನ ಮೇಲೆ ಬಿಟ್ಟು ಹೋಗಬೇಡಿ, ಯಾರಾದರೂ ಕೂತೇ ಕೂರುತ್ತಾರೆ.

ಎರಡನೆಯದು ನಮ್ಮ ಮಳೆ. ಪತ್ತನಾಜೆ ಕಳೆದ ಮೇಲೆ ಕಪಾಟಿನ ಪುಸ್ತಕಕ್ಕೆ ಬೂಷ್ಟು, ಗೋಡೆಗೆ ಒರಲೆ. ಹಿಂದೆ ತಾಳೆಗರಿಯ ಗ್ರಂಥಗಳಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಇ-ರೀಡರನ್ನು ಒರಲೆ ತಿನ್ನುವುದಿಲ್ಲ, ಅಷ್ಟು ಸಮಾಧಾನ. ಆದರೆ ತೇವ ಒಳಗೆ ಹೋಗಿ ಚಾರ್ಜಿಂಗ್ ಕಿಂಡಿಗೆ ಕಿಲುಬು ಹಿಡಿಸುತ್ತದೆ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಹರಳಿನ ಪೊಟ್ಟಣಗಳನ್ನು ಹಾಕಿಡಿ. ಅಕಸ್ಮಾತ್ ಒದ್ದೆಯಾದರೆ ಆರಿಸಿ, ಒಣ ಬಟ್ಟೆಯಲ್ಲಿ ಒರಸಿ, ಕಿಂಡಿ ಕೆಳಗಾಗಿ ಫ್ಯಾನಿನ ಕೆಳಗೆ ಎರಡು ದಿನ ಇಡಿ. ಅಕ್ಕಿ ಡಬ್ಬದಲ್ಲಿ ಹೂಳುವ ವೈದ್ಯ ಬೇಡ, ಅಕ್ಕಿಯ ಹುಡಿ ಕಿಂಡಿಗೆ ತುಂಬುತ್ತದೆ. ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಲೇಬಾರದು.

ಏಪ್ರಿಲ್-ಮೇ ಮತ್ತು ಅಕ್ಟೋಬರ್ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಟಿವಿಯ ಪ್ಲಗ್ ಕೀಳುವಾಗ ಇದರ ಚಾರ್ಜರನ್ನೂ ಕೀಳಿ. ಬೇಸಿಗೆಯಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ಬ್ಯಾಟರಿ ಬೇಗ ಸಾಯುತ್ತದೆ. ರಜೆಗೆ ಬೀಗ ಹಾಕುವ ಮೊದಲು ಅರ್ಧದಷ್ಟು ಚಾರ್ಜ್ ಮಾಡಿಡಬೇಕು. ಪೂರ್ತಿ ಖಾಲಿಯಾಗಿ ಎರಡು ತಿಂಗಳು ಬಿದ್ದ ಬ್ಯಾಟರಿ ಮತ್ತೆ ಎದ್ದೇಳದೇ ಇರಬಹುದು. ಪರದೆಯನ್ನು ಕನ್ನಡಕ ಒರಸುವ ಮೆತ್ತಗಿನ ಬಟ್ಟೆಯಿಂದ ಒರಸಿದರೆ ಸಾಕು. ಸ್ಪಿರಿಟು, ಸ್ಯಾನಿಟೈಸರ್ ಬೇಡ. ಗೋಳಿಬಜೆ ತಿಂದ ಕೈಯನ್ನು ಮೊದಲು ತೊಳೆಯಿರಿ. ಹಿಂದಿನ ಪುಟದ ನೆರಳು ತೆಳ್ಳಗೆ ಉಳಿದರೆ ಹಾಳಾಯಿತೆಂದು ಹೆದರಬೇಡಿ, ನಾಲ್ಕೈದು ಪುಟ ತಿರುಗಿಸಿದರೆ ಅಥವಾ ಒಮ್ಮೆ ಆರಿಸಿ ಹಚ್ಚಿದರೆ ಹೋಗುತ್ತದೆ.

ಕೊನೆಗೆ ಒಂದು ಕೇಳಿಕೆ, ಇದು ಟೀಚರ್‌ಗಳಲ್ಲಿ. ನಾನು ಓದುವಾಗ ನಮ್ಮ ವಾಚನಾಲಯದ ಒಳ್ಳೆಯ ಪುಸ್ತಕಗಳು ಗಾಜಿನ ಕಪಾಟಿನಲ್ಲಿ ಬೀಗದ ಹಿಂದೆ ಇದ್ದವು. ಬೆನ್ನಿನ ಹೆಸರು ಓದಿ ಓದಿ ನನಗೆ ಬಾಯಿಪಾಠವಾಗಿತ್ತು, ಒಳಗೆ ಏನಿದೆ ಎಂದು ಗೊತ್ತಾದದ್ದು ದುಡಿಯಲು ಹೋದ ಮೇಲೆ. ಹಾಳಾಗಬಾರದು ಎಂಬ ಅವರ ಕಾಳಜಿ ಈಗ ನನಗೆ ಅರ್ಥವಾಗುತ್ತದೆ. ಆದರೂ ಈ ನಾಲ್ಕನ್ನು ಮಕ್ಕಳ ಕೈಯಲ್ಲಿ ಶನಿವಾರ ಮನೆಗೆ ಕಳುಹಿಸಿ, ಸೋಮವಾರ ತರಿಸಿ. ಒಂದು ಒಡೆದರೆ ಒಡೆಯಲಿ, ಹಳೆ ವಿದ್ಯಾರ್ಥಿಗಳು ನಾವಿದ್ದೇವೆ. ಮನೆಯಲ್ಲಿ ಅಜ್ಜಿ ಇದ್ದರೆ, ಮಕ್ಕಳೇ, ಅಕ್ಷರ ದೊಡ್ಡದು ಮಾಡಿ ಅವರ ಕೈಗೂ ಕೊಡಿ. ಎಲ್ಲಿ ಒತ್ತಬೇಕೆಂದು ಒಮ್ಮೆ ತೋರಿಸಿದರೆ ಸಾಕು.

ಪಂಜೆಯವರ ಕಥೆಗಳು ನಾಲ್ಕರಲ್ಲೂ ಈಗಾಗಲೇ ಇವೆ. ಅಮ್ಮನಿಗೆಂದು ಮಾಡಿದ ಕಡತವೇ ಅದು. ಅದರಲ್ಲಿ ಟೈಪಿಂಗ್ ತಪ್ಪು ಕಂಡವರು ಚೀಟಿಯಲ್ಲಿ ಪುಟ, ಸಾಲು ಬರೆದು ವಾಚನಾಲಯದ ಟೀಚರ್ ಹತ್ತಿರ ಕೊಡಿ. ಶನಿವಾರ ಬಂದಾಗ ತಿದ್ದುತ್ತೇನೆ.