ಏರಿದ ಎತ್ತರ, ಉಳಿದ ಸಾಲ



ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವ ನಿಮಗೆ ವಿಜಯ್ ಮಲ್ಯರ ಕಥೆ ದೂರದ್ದೆನಿಸಬಹುದು. ತಂದೆ ವಿಠಲ್ ಮಲ್ಯ 1983ರಲ್ಲಿ ತೀರಿಕೊಂಡಾಗ, ಮೂವತ್ತು ತುಂಬುವ ಮೊದಲೇ ಅವರು ಯು.ಬಿ. ಸಮೂಹದ ಚುಕ್ಕಾಣಿ ಹಿಡಿದರು. 2005ರಲ್ಲಿ ಕಿಂಗ್‌ಫಿಷರ್ ವಿಮಾನ ಹಾರಿಸಿದರು. 2007ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ನಿನಲ್ಲೂ ಪಾಲು ಕೊಂಡರು. ಇಂಧನದ ಬೆಲೆ ಏರಿತು, ಸಾಲ ಬೆಳೆಯಿತು, ನೌಕರರ ಸಂಬಳ ತಿಂಗಳುಗಟ್ಟಲೆ ನಿಂತಿತು. 2012ರಲ್ಲಿ ವಿಮಾನಗಳೂ ನಿಂತವು. 2016ರಲ್ಲಿ ಮಲ್ಯ ದೇಶ ಬಿಟ್ಟರು. 2019ರಲ್ಲಿ ನ್ಯಾಯಾಲಯ ಅವರನ್ನು ಪರಾರಿಯಾದ ಆರ್ಥಿಕ ಅಪರಾಧಿಯೆಂದು ಘೋಷಿಸಿತು.

ಬ್ಯಾಂಕಿನ ಹಣ ಯಾರದು? ನಿಮ್ಮ ಪಕ್ಕದಲ್ಲೇ ಬಸ್ಸಿಗೆ ಕಾಯುವ ಕೂಲಿಯವನ, ಹೂವಾಡಗಿತ್ತಿಯ ಠೇವಣಿಯದು. ನಾಳೆ ನೀವೂ ಉದ್ಯಮ ಕಟ್ಟುವಿರಿ. ಆಗ ಒಂದು ಮಾತು ನೆನಪಿರಲಿ: ಮೊದಲು ದುಡಿದವನ ಸಂಬಳ, ಆಮೇಲೆ ಆಡಂಬರ.