ಮೊಬೈಲಿನ ಆಟ, ಮಕ್ಕಳ ಲೆಕ್ಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ, ಶಾಲೆಯ ಹಳೆಯ ವಿದ್ಯಾರ್ಥಿಯೂ ನಿವೃತ್ತ ಗಣಿತ ಶಿಕ್ಷಕರೂ ಆದವರೊಬ್ಬರು ಮಾಡಿದ ಭಾಷಣ)



ಮೊಬೈಲಿನಲ್ಲಿ ಆಡುತ್ತಾ ಮಕ್ಕಳು ಗಣಿತ ಕಲಿಯಬಹುದೇ ಎಂಬುದರ ಬಗ್ಗೆ ಮಾತಾಡಬೇಕೆಂದು ಹೇಳಿದ್ದಾರೆ. ನಾವು ಓದುವಾಗ ಊರಲ್ಲಿ ಫೋನು ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಈಗ ಐಫೋನು ಜೋಡಿಸುವ ಕಾರ್ಖಾನೆಯೇ ನಮ್ಮ ಕೈಗಾರಿಕಾ ಪ್ರದೇಶದಲ್ಲಿದೆ. ಮೊದಲು ವಿಸ್ಟ್ರಾನ್ ಎಂದಿತ್ತು, 2023ರಲ್ಲಿ ಟಾಟಾದವರ ಕೈಗೆ ಬಂತು. ಫೋನು ಬೇಕೋ ಬೇಡವೋ ಎಂಬ ಚರ್ಚೆ ಮುಗಿದುಹೋಗಿದೆ. ಅದು ಮನೆಯೊಳಗೆ ಬಂದು ಕೂತಾಗಿದೆ. ಅದರಿಂದ ಮಗುವಿಗೆ ಏನು ಸಿಗುತ್ತದೆ ಎಂಬುದಷ್ಟೇ ಉಳಿದ ಪ್ರಶ್ನೆ.

ಒಂದು ಲೆಕ್ಕದಿಂದ ಶುರು ಮಾಡೋಣ. ನಲವತ್ತೆರಡರಲ್ಲಿ ಹದಿನೇಳು ಕಳೆಯಿರಿ. ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಇದು ದಡ್ಡತನವಲ್ಲ. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೇ ಏಳರಲ್ಲಿ ಎರಡು ಕಳೆದು ಐದು ಬರೆದಿದೆ. ನಾಲ್ಕರಲ್ಲಿ ಒಂದು ಹೋದರೆ ಮೂರು. ಮಗು ತನ್ನದೇ ಒಂದು ನಿಯಮ ಕಟ್ಟಿಕೊಂಡು ಅದನ್ನು ನಿಯತ್ತಾಗಿ ಪಾಲಿಸಿದೆ. ಈಗ ಎರಡು ಬಗೆಯ ಆ್ಯಪ್ ನೋಡಿ. ಒಂದು ಕೆಂಪು ಗುರುತು ತೋರಿಸಿ, ಟಿಂಗ್ ಎಂದು ಸದ್ದು ಮಾಡಿ ಮುಂದಕ್ಕೆ ಹೋಗುತ್ತದೆ. ಇನ್ನೊಂದರಲ್ಲಿ ಹತ್ತರ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಕಾಣುತ್ತವೆ. ಮಗು ಒಂದು ಕಟ್ಟನ್ನು ಬೆರಳಿನಿಂದ ಬಿಚ್ಚಬೇಕು. ಆಗ ಮೂರು ಕಟ್ಟು, ಹನ್ನೆರಡು ಬಿಡಿ. ಉತ್ತರ 25 ಎಂಬುದು ಕಣ್ಣ ಮುಂದೆಯೇ ಬರುತ್ತದೆ. ಎರಡಕ್ಕೂ ಗಣಿತದ ಆಟ ಎಂದೇ ಹೆಸರು. ಮೊದಲನೆಯದು ಬರೀ ಪರೀಕ್ಷೆ, ಎರಡನೆಯದರಲ್ಲಿ ಪಾಠವಿದೆ.

ಆಟದಲ್ಲಿ ಇನ್ನೊಂದು ಲಾಭವನ್ನು ನಾನು ಮೇಷ್ಟ್ರಾಗಿಯೇ ಹೇಳುತ್ತೇನೆ. ಬೋರ್ಡಿನ ಮುಂದೆ ತಪ್ಪು ಮಾಡಿದ ಮಗುವನ್ನು ಐವತ್ತು ಕಣ್ಣುಗಳು ನೋಡುತ್ತವೆ. ಫೋನಿನಲ್ಲಿ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ, ಮತ್ತೆ ಆಡಬಹುದು. ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕೂರುವ ಹೆಣ್ಣುಮಗುವಿಗೆ ಇದು ಸಣ್ಣ ಮಾತಲ್ಲ.

ಇದು ನನ್ನೊಬ್ಬನ ಊಹೆಯಲ್ಲ. ಇಪ್ಪತ್ತು ವರ್ಷಗಳ ಹಿಂದೆ ಗುಜರಾತಿನ ವಡೋದರಾದ ನಗರಪಾಲಿಕೆ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಕಂಪ್ಯೂಟರಿನಲ್ಲಿ ಗಣಿತದ ಆಟ ಆಡಿಸಿತು. ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಅದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಗಣಿತದ ಅಂಕಗಳು ಚೆನ್ನಾಗಿಯೇ ಏರಿದ್ದವು. ಆದರೆ ಆಟ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಗಳಿಕೆಯ ಬಹುಪಾಲು ಕರಗಿತ್ತು. ಅದೇ ಗುಜರಾತಿನ ಜ್ಞಾನ್ ಶಾಲಾ ಎಂಬ ಸಂಸ್ಥೆಯ ಶಾಲೆಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಪಾಠದ ಸಮಯ ಕಿತ್ತುಕೊಂಡು ಕಂಪ್ಯೂಟರ್ ಕೊಟ್ಟ ಕಡೆ ಮಕ್ಕಳು ಹಿಂದೆ ಬಿದ್ದರು, ಶಾಲೆಯ ಅವಧಿಯ ಹೊರಗೆ ಹೆಚ್ಚುವರಿಯಾಗಿ ಕೊಟ್ಟ ಕಡೆ ಮುಂದೆ ಬಂದರು. ಮೇಷ್ಟ್ರ ಜಾಗದಲ್ಲಿ ಯಂತ್ರ ಕೂರಿಸಲು ಹೊರಟವರು ಇದನ್ನು ಓದಬೇಕು.

ನಮ್ಮ ಕೋಲಾರದವರಿಗೆ ಇನ್ನೂ ಹತ್ತಿರದ ಸಂಗತಿ ಒಂದಿದೆ. ಟೊಮೆಟೊ ಮಂಡಿಗೆ ಅಪ್ಪನ ಜೊತೆ ಹೋಗುವ ಹುಡುಗನನ್ನು ಕೇಳಿ ನೋಡಿ. ಹದಿನೈದು ಕೆಜಿ ಬಾಕ್ಸು, ಇಷ್ಟು ಬಾಕ್ಸು, ಹರಾಜಿನ ರೇಟು, ಕಮಿಷನ್ನು, ಬಾಡಿಗೆ ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ ಎಂದು ನಿಂತಲ್ಲೇ ಹೇಳುತ್ತಾನೆ. 2023ರ ಜುಲೈಯಲ್ಲಿ ಬಾಕ್ಸು ಎರಡು ಸಾವಿರ ದಾಟಿದಾಗಲಂತೂ ಊರಿನ ಮಕ್ಕಳೆಲ್ಲ ಗುಣಾಕಾರದಲ್ಲಿ ಪಂಡಿತರು! ಅದೇ ಹುಡುಗ ನೋಟ್‌ಬುಕ್ಕಿನಲ್ಲಿ ಶೇಕಡಾವಾರು ಲೆಕ್ಕ ಕಂಡರೆ ಪೆನ್ನು ಕಚ್ಚುತ್ತಾನೆ. ಕೋಲ್ಕತ್ತಾ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸಂತೆಯ ಲೆಕ್ಕ ಬಾಯಲ್ಲೇ ಮಾಡುವವರು ಶಾಲೆಯ ಲೆಕ್ಕದಲ್ಲಿ ಎಡವುತ್ತಾರೆ, ಶಾಲೆಯ ಲೆಕ್ಕ ಬಲ್ಲವರು ಸಂತೆಯಲ್ಲಿ ತಡವರಿಸುತ್ತಾರೆ ಎಂಬುದು ಅದರ ಸಾರಾಂಶ. ಒಳ್ಳೆಯ ಆಟ ಈ ಎರಡರ ನಡುವೆ ಸೇತುವೆ ಹಾಕಬೇಕು. ನಮ್ಮ ಅಜ್ಜಿಯರ ಅಳಗುಳಿ ಮಣೆ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು. ಯಾವ ಗುಳಿಯಿಂದ ಎತ್ತಿದರೆ ಹುಣಸೆ ಬೀಜ ಎಲ್ಲಿಗೆ ಮುಟ್ಟುತ್ತದೆ ಎಂದು ಮೊದಲೇ ಎಣಿಸದೆ ಅದನ್ನು ಗೆಲ್ಲಲಾಗದು.

ಭಾಷೆಯ ಮಾತೂ ಇದೆ. ನಮ್ಮ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗಿನಲ್ಲಿ ಎಣಿಸುತ್ತಾರೆ, ಶಾಲೆಯಲ್ಲಿ ಕನ್ನಡ, ಆ್ಯಪ್ ತೆರೆದರೆ ಇಂಗ್ಲಿಷು. ಮೂರನೆಯದು ಯಾಕೆ ಬೇಕು? ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಆ್ಯಪ್ ಕನ್ನಡದಲ್ಲಿದೆ, ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಆಡಬಹುದು. ಇದೇ ಸಂಸ್ಥೆ ‘ಗಣಿತ ಕಲಿಕಾ ಆಂದೋಲನ’ದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮಣಿಕಟ್ಟು, ಭಿನ್ನರಾಶಿಯ ಪಟ್ಟಿ ಮೊದಲಾದವುಗಳ ಕಿಟ್ ತಲುಪಿಸಿತು. ಪ್ರೌಢಶಾಲೆಗೆ ಜಿಯೋಜೀಬ್ರಾ ಇದೆ. ಮಾರ್ಕಸ್ ಹೋಹೆನ್ವಾರ್ಟರ್ ಆಸ್ಟ್ರಿಯಾದಲ್ಲಿ ಕಟ್ಟಿದ್ದು, ಅದೂ ಉಚಿತ. ತ್ರಿಭುಜದ ಶೃಂಗವನ್ನು ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಿಂದ ಅಲ್ಲಾಡುವುದಿಲ್ಲ. ನಾನು ಬೋರ್ಡಿನ ಮೇಲೆ ಹತ್ತು ತ್ರಿಭುಜ ಬರೆದು ಒಪ್ಪಿಸಬೇಕಿದ್ದ ವಿಷಯವನ್ನು ಮಗು ಒಂದು ನಿಮಿಷದಲ್ಲಿ ತಾನೇ ಕಂಡುಕೊಳ್ಳುತ್ತದೆ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲಾ ಗಣಿತ ಶಿಕ್ಷಕರಿಗೆ ಇದರ ತರಬೇತಿ ಸಿಕ್ಕಿತ್ತು.

ದುಡ್ಡಿನ ವಿಷಯ ಹೇಳಲೇಬೇಕು. ನನ್ನ ಸಂಬಂಧಿಕರೊಬ್ಬರ ಮನೆಗೆ ಟೈ ಕಟ್ಟಿಕೊಂಡ ಹುಡುಗನೊಬ್ಬ ಬಂದು, ಈ ಆ್ಯಪ್ ಕೊಳ್ಳದಿದ್ದರೆ ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ದಾಟುವುದಿಲ್ಲ ಎಂದು ಹೆದರಿಸಿ ಕಂತಿನ ಸಾಲಕ್ಕೆ ಸಹಿ ಹಾಕಿಸಿಕೊಂಡು ಹೋದ. ಕಂಪನಿಯ ಹೆಸರು ಬೇಡ. ಆ ತಾಯಿ ಹಾಲು ಹಾಕಿ ಬಂದ ಹಣದಲ್ಲಿ ಕಂತು ಕಟ್ಟುತ್ತಿದ್ದಾರೆ, ಮಗು ಅದನ್ನು ಎರಡು ತಿಂಗಳೂ ತೆರೆಯಲಿಲ್ಲ. ದಯವಿಟ್ಟು ಯಾರೂ ಸಾಲ ಮಾಡಿ ಆ್ಯಪ್ ಕೊಳ್ಳಬೇಡಿ. ನಾನು ಹೇಳಿದ ಎರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಫೋನು ಕೊಟ್ಟ ಮಾತ್ರಕ್ಕೆ ಮಗು ಲೆಕ್ಕ ಮಾಡುತ್ತದೆ ಎಂದುಕೊಳ್ಳಬೇಡಿ. 2024ರ ಅಸರ್ ವರದಿಯ ಪ್ರಕಾರ, ದೇಶದ ಹಳ್ಳಿಗಳಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ. 57, ಸೋಷಿಯಲ್ ಮೀಡಿಯಾ ನೋಡಿದವರು ಶೇ. 76. ಇಪ್ಪತ್ತು ನಿಮಿಷ ಸಾಕು. ತಾಯಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತು ‘ಅದು ಹೆಂಗೆ ಬಂತು, ಹೇಳು’ ಎಂದು ಕೇಳಿದರೆ ಆಯಿತು, ಅವರಿಗೆ ಗಣಿತ ಬರಬೇಕಿಲ್ಲ. ಇನ್ನೊಂದು ಮಾತು. ಮನೆಯಲ್ಲಿ ಒಂದೇ ಫೋನಿದ್ದರೆ ಅದು ಅಣ್ಣನ ಕೈಗೇ ಹೋಗುತ್ತದೆ. ತಂಗಿಗೂ ಅಷ್ಟೇ ನಿಮಿಷ ಕೊಡಿಸಿ.

ಕೊನೆಗೆ, ಹಳೆಯ ವಿದ್ಯಾರ್ಥಿಗಳ ಸಂಘ ಮಕ್ಕಳಿಗೆ ಟ್ಯಾಬ್ ಕೊಡಿಸುವ ಯೋಚನೆಯಲ್ಲಿದೆ. ನನ್ನ ಅಭಿಪ್ರಾಯ ಬೇರೆ. ಟ್ಯಾಬ್ ಮನೆಗೆ ಹೋದರೆ ಆರು ತಿಂಗಳಲ್ಲಿ ಗಾಜು ಒಡೆಯುತ್ತದೆ. ಆ ಹಣದಲ್ಲಿ ಮೊದಲು ಕಂಪ್ಯೂಟರ್ ಕೊಠಡಿಯ ಯುಪಿಎಸ್ ಬ್ಯಾಟರಿ ಬದಲಾಯಿಸಿ, ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಿಸಿ, ಜಿಯೋಜೀಬ್ರಾ ಹಾಕಿಸೋಣ. ಒಂದಕ್ಕೆ ಇಬ್ಬರಂತೆ ಮಕ್ಕಳು ಕೂರಲಿ, ಜಗಳವಾಡುತ್ತಾ ಕಲಿಯಲಿ. ತರಗತಿಯ ಪಾಠ ಕಳೆಯಬಾರದು, ಹಾಗಾಗಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಇಟ್ಟುಕೊಳ್ಳಬಹುದು. ಇಲ್ಲಿನ ಕಾರ್ಖಾನೆಗಳಲ್ಲಿ ಡಿಪ್ಲೊಮಾ, ಇಂಜಿನಿಯರಿಂಗ್ ಮುಗಿಸಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರಿದ್ದಾರೆ. ಪಾಳಿ ನೋಡಿಕೊಂಡು ತಿಂಗಳಿಗೆ ಒಂದು ಶನಿವಾರ ಬರಬಲ್ಲವರು ಊಟಕ್ಕೆ ಮೊದಲು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಯಿರಿ. ಮೊದಲ ಸಾಲಿನಲ್ಲಿ ನನ್ನ ಹೆಸರಿದೆ.